ಚೊಚ್ಚಲ ಬಾಣಂತನ

ಬಸುರಿ ಸೊಸೆಯ ಕುಬಸದ ಶಾಸ್ತ್ರ ಮುಗಿದ ಮರುದಿನವೇ ಶಂಕ್ರವ್ವನ ಮನೆಯಲ್ಲಿ ಜಗಳ ಶುರುವಾಯಿತು. ಜಗಳವೆಂದರೆ ಪಾತ್ರೆ ಎಸೆದಾಡುವಂಥದ್ದಲ್ಲ. ಒಬ್ಬರು ರೊಟ್ಟಿ ಬಡಿಯುತ್ತ ಅಂದದ್ದಕ್ಕೆ ಇನ್ನೊಬ್ಬರು ಉಣ್ಣುತ್ತ ಉತ್ತರ ಕೊಡುವಂಥದ್ದು.

ಅವರದು ದಾಂಡೇಲಿಯಲ್ಲಿ ಸಾಲಾಗಿ ಕಟ್ಟಿದ ಹಂಚಿನ ಮನೆಗಳಲ್ಲೊಂದು. ಕಾಗದದ ಗಿರಣಿ ಶುರುವಾದ ಹೊಸದರಲ್ಲಿ ಹಳಿಯಾಳದ ಕಡೆಯಿಂದ ಗಂಡ ಚನಬಸಪ್ಪ ಮೊದಲು ಬಂದ, ಆಮೇಲೆ ಮಗ ಉಳವಪ್ಪ, ಕೊನೆಗೆ ಬೀಸುಕಲ್ಲು ಹೊರಿಸಿಕೊಂಡು ಶಂಕ್ರವ್ವ. ಗಂಡ ಕಟ್ಟಿಗೆ ಅಡ್ಡೆಯ ಕಾವಲುಗಾರ. ಮಗನಿಗೆ ಗಿರಣಿಯಲ್ಲಿ ಪಾಳಿ ಕೆಲಸ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ನಾಲ್ವರು ಗಂಡಸರು ಶಂಕ್ರವ್ವನ ಮನೆಯಲ್ಲೇ ಎರಡು ಹೊತ್ತು ಉಣ್ಣುತ್ತಿದ್ದರು. ಅಷ್ಟು ಬಾಯಿಗೆ ಜೋಳದ ರೊಟ್ಟಿ ಬಡಿಯುವುದು ಅತ್ತೆ ಸೊಸೆ ಇಬ್ಬರಿಗೂ ಕೈತುಂಬ ಕೆಲಸ.

"ದವಾಖಾನಿ ಇಲ್ಲೇ ಐತಿ," ಎಂದ ಉಳವಪ್ಪ. "ಅಕಿನ್ನ ಆ ಕೆಂಚನಕೊಪ್ಪಕ್ಕ ಯಾಕ ಕಳಸ್ತಿ? ಬಸ್ಸಿಳಿದು ಎಷ್ಟ ದೂರ ನಡೀಬೇಕು ಗೊತ್ತೈತಿಲ್ಲೊ ನಿನಗ?"

"ಚೊಚ್ಚಲ ಬಾಣಂತನ ತವರಾಗ ಆಗಬೇಕು."

"ಇಲ್ಲಾದ್ರ ಏನ ಆಗತೈತಿ?"

"ಏನ ಆಗತೈತಿ? ಮಂದಿ ಬಾಯಿ ಬಿಡತಾರ. ಶಂಕ್ರವ್ವ ಖಾನಾವಳಿ ನಡಸಾಕ ತುಂಬಿದ ಬಸರಿನ್ನ ಒಲಿ ಮುಂದ ಕೂಡಿಸಿದ್ಳು ಅಂತಾರ. ಆ ಮಾತ ನನಗ ಬ್ಯಾಡ."

ಗೋಡೆಗೆ ಒರಗಿ ಉಣ್ಣುತ್ತಿದ್ದ ಲಗಮಪ್ಪ ಬೆಳಗಾವಿ ಕಡೆಯವ, ಬಾಯಿ ಸುಮ್ಮನಿರದ ಆಸಾಮಿ. "ಅಕ್ಕಾರ, ಸಣ್ಣಾಕಿ ಹೋದ್ಳಂದ್ರ ರೊಟ್ಟಿ ಇಷ್ಟ ತೆಳ್ಳಗ ಬರೂದಿಲ್ಲ ನೋಡ್ರಿ. ನಮ್ಮ ಹಲ್ಲಿನ ಗತಿ ಏನು?"

"ನಿನ್ನ ಹೆಂಡ್ತಿನ್ನ ಕರಕೊಂಡ ಬಾ, ತೆಳ್ಳಗ ತಿನ್ನು," ಎಂದಳು ಶಂಕ್ರವ್ವ. ಎಲ್ಲರೂ ನಕ್ಕರು.

ಮಂದಿಯ ಬಾಯಿಗೆ ಹೆದರಿದಳೆಂಬುದು ನಿಜ. ಆದರೆ ಅದಷ್ಟೇ ಅಲ್ಲ. ಶಂಕ್ರವ್ವ ತಾಯಿಯಿಲ್ಲದೆ ಬೆಳೆದವಳು. ಅವಳ ಚೊಚ್ಚಲು ಗಂಡನ ಮನೆಯಲ್ಲೇ ಆಗಿತ್ತು. ಹಡೆದ ವಾರದೊಳಗೇ ಅತ್ತೆ ಕೈಗೆ ಕಸಬರಿಗೆ ಕೊಟ್ಟಿದ್ದಳು. ಎಣ್ಣೆ ನೀರು ಹಾಕಿ, ತಲೆ ಕಟ್ಟಿ, ಬೈದು ಉಣಿಸುವವರಿಲ್ಲದ ಆ ದಿನಗಳನ್ನು ಅವಳು ಯಾರ ಮುಂದೆಯೂ ಆಡುತ್ತಿರಲಿಲ್ಲ, ಮರೆತೂ ಇರಲಿಲ್ಲ. ತನ್ನ ಸೊಸೆಗೆ ಹಾಗಾಗಬಾರದು, ಅಷ್ಟೇ.

ಸೊಸೆ ಶಿವವ್ವ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ರೊಟ್ಟಿ ಮಗುಚುತ್ತಿದ್ದಳು. ಗಂಡಸರು ಪಾಳಿಗೆ ಹೋದ ಮೇಲೆ ಮೆಲ್ಲಗೆ ಅಂದಳು: "ಅತ್ತಿ, ಊರಾಗ ಈಗ ಯಾರೂ ಇಲ್ಲಂತ. ಎಲ್ಲಾರೂ ಇತ್ತಾಗ ಬಂದಾರಂತ."

"ನಿಮ್ಮವ್ವ ಇಲ್ಲೇನ?"

"ಅವ್ವ ಅದಾಳ."

"ಮತ್ತ? ತವರಂದ್ರ ಅವ್ವ. ಊರ ತುಂಬ ಮಂದಿ ತಗೊಂಡ ಏನ ಮಾಡ್ತಿ?"

ಹುಡುಗಿಯ ಹಂಚಿನ ಮೇಲೆ ಒಂದು ರೊಟ್ಟಿ ಸೀದು ಹೋಯಿತು.

ಕಳಿಸಲು ಶಂಕ್ರವ್ವ ತಾನೇ ಹೋದಳು. ಹಳಿಯಾಳದಲ್ಲಿ ಬಸ್ಸು ಬದಲಿಸಿ ಮುಂಡಗೋಡ ದಿಕ್ಕಿಗೆ ಹೋಗಿ, ರಸ್ತೆಗೆ ಇಳಿದು, ಕಾಡಂಚಿನ ಗಾಡಿದಾರಿ ಹಿಡಿದು ನಡೆದರೆ ಕೆಂಚನಕೊಪ್ಪ. ಮದುವೆಗೆ ಬಂದಾಗ ಓಣಿ ತುಂಬ ಹುಡುಗರಿದ್ದರು, ನಾಯಿಗಳಿದ್ದವು, ಕಟ್ಟೆಯ ಮೇಲೆ ಎಲೆಯಡಿಕೆ ಮೆಲ್ಲುವ ಗಂಡಸರಿದ್ದರು. ಈಗ ಮನೆಮನೆಗೆ ಕೀಲಿ. ಒಂದು ಮನೆಯ ಕೀಲಿಗೆ ತುಕ್ಕು ಹಿಡಿದಿತ್ತು. ಸುಗ್ಗಿ ಕಾಲ, ಮಂದಿಯೆಲ್ಲ ಗದ್ದೆಗೆ ಹೋಗಿರಬೇಕು ಎಂದುಕೊಂಡಳು ಶಂಕ್ರವ್ವ. ಗದ್ದೆಗೆ ಹೋದವರ ಕೀಲಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಸೊಸೆಯ ಗಂಟು ಒಂದು ಕೈಲಿ, ಸೊಸೆಯ ತೋಳು ಇನ್ನೊಂದು ಕೈಲಿ ಹಿಡಿದು ನಡೆಯುವವಳಿಗೆ ಅಷ್ಟು ವಿಚಾರ ಮಾಡಲು ಪುರಸೊತ್ತಿರಲಿಲ್ಲ.

ಶಿವವ್ವನ ತಾಯಿ ಈರಕ್ಕ ಇನ್ನೂ ನಲವತ್ತು ದಾಟದ ಗಟ್ಟಿ ಹೆಂಗಸು. ಗಂಡ ತೀರಿಕೊಂಡಿದ್ದ. ಮಗ ಜೊಯಿಡಾ ಕಡೆ ಕಾಡಿನಲ್ಲಿ ನಾಟಾ ಮರ ಕಡಿಯುವ ಕೆಲಸಕ್ಕೆ ಹೋದವನು ಹಬ್ಬಕ್ಕೂ ಬಂದಿರಲಿಲ್ಲ. ಅಂಗಳದಲ್ಲಿ ಮಗಳನ್ನು ಕಂಡವಳೇ ಕೈಯಲ್ಲಿದ್ದ ಮೊರವನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ. ಮುಖ ಸವರಿ ಲಟಿಕೆ ಮುರಿದಳು, ಕಾಲಿಗೆ ನೀರು ಕೊಟ್ಟಳು, ಮೂರು ಸಲ ಒಳಗೆ ಹೋಗಿ ಏನು ತರಬೇಕೆಂಬುದನ್ನು ಮರೆತು ಹೊರಗೆ ಬಂದಳು.

"ಎಷ್ಟ ದಿನ ಆತ್ರಿ ಬೀಗತಿ, ಈ ಮನ್ಯಾಗ ಎರಡ ತಾಟ ಇಟ್ಟು!"

ಉಂಡು ಕೂತಾಗ ಶಂಕ್ರವ್ವ ಕೇಳಬೇಕಾದ್ದನ್ನು ಕೇಳಿದಳು. "ಸೂಲಗಿತ್ತಿದು ಹೆಂಗ್ರಿ? ಚಲೋ ಕೈ ಐತೇನು?"

ಈರಕ್ಕ ತಾಟು ಎತ್ತುತ್ತ ಅಂದಳು: "ನಮ್ಮ ಮಾಲವ್ವ ಎತ್ತದ ಕೂಸು ಈ ಊರಾಗ ಯಾವುದೈತ್ರಿ? ಇಕಿನ್ನೂ ಅಕೀನ ಎತ್ತಿದ್ಳು."

ಶಂಕ್ರವ್ವನ ಮನಸ್ಸು ಹಗುರಾಯಿತು. ಶಿವವ್ವ ತಾಯಿಯ ಮುಖ ನೋಡಿದಳು. ತಾಯಿ, "ಕೊಡದಾಗ ನೀರ ಐತೇನ ನೋಡು ಹೋಗ," ಎಂದು ಒಳಗೆ ಕಳಿಸಿದಳು.

ಸೊಸೆಯಿಲ್ಲದ ಮನೆಯಲ್ಲಿ ಶಂಕ್ರವ್ವನ ಸೊಂಟ ಬಿತ್ತು. ಹಿಟ್ಟು ನಾದುವುದು, ಬಡಿಯುವುದು, ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವುದು, ಎಲ್ಲವೂ ಒಬ್ಬಳೇ. ಚನಬಸಪ್ಪ ಒಮ್ಮೆ ಪಲ್ಯ ಹೆಚ್ಚಿಕೊಡಲು ಬಂದು ಬೆರಳು ಕೊಯ್ದುಕೊಂಡ. "ಹೋಗ್ರಿ, ನಿಮ್ಮ ರಗತದ ಪಲ್ಯ ಯಾರೂ ತಿನ್ನೂದಿಲ್ಲ," ಎಂದು ಅಟ್ಟಿದಳು. ಆದರೂ ನೀರಿಗೆ ನಿಂತಾಗ ಪಕ್ಕದವರು "ಸೊಸಿ ಎಲ್ಲೆ?" ಎಂದರೆ, "ತವರಿಗೆ ಕಳಿಸೇನಿ," ಎನ್ನುವಾಗ ಅವಳ ದನಿ ತಾನಾಗಿಯೇ ಒಂದು ಮೆಟ್ಟಿಲು ಏರುತ್ತಿತ್ತು.

ಹೀಗೇ ವಾರಗಳು ಕಳೆದವು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಲ್ಲಿಯಲ್ಲಿ ಹೊಸ ಮುಖದ ಒಬ್ಬ ಮುದುಕಿ ನಿಂತಿದ್ದಳು. ಪಕ್ಕದ ಸಾಲಿನವಳಂತೆ. ಕೊಡ ಎತ್ತಲಾಗದೆ ಒದ್ದಾಡುತ್ತಿದ್ದುದನ್ನು ಕಂಡು ಶಂಕ್ರವ್ವ ಕೈ ಕೊಟ್ಟಳು.

"ಯಾವೂರವ್ವಾ ನಿಂದು?"

"ಕೆಂಚನಕೊಪ್ಪ ಅಂತ, ಮುಂಡಗೋಡ ಕಡೆ. ನಿನಗೆಲ್ಲಿ ಗೊತ್ತಿರತೈತಿ ತಗೀ."

"ಗೊತ್ತಿಲ್ಲೇನ! ನನ್ನ ಸೊಸಿ ತವರ ಅದು. ಈರಕ್ಕನ ಮಗಳು ಶಿವವ್ವ."

ಮುದುಕಿಯ ಮುಖ ಅರಳಿತು. "ಅಯ್ಯ, ನಾನ ಎತ್ತಿದ ಕೂಸವ್ವಾ ಅದು! ಕಾಲ ಮುಂದ ಮಾಡಿ ಬಂದಿತ್ತು, ಹುಚ್ಚಮುಂಡೇದು. ಎಲ್ಲದಾಳ? ಮನ್ಯಾಗ ಅದಾಳೇನ?"

ಶಂಕ್ರವ್ವನ ಕೈಯಲ್ಲಿದ್ದ ಕೊಡ ಅಲ್ಲೇ ನಿಂತಿತು. "ನಿನ್ನ ಹೆಸರ ಮಾಲವ್ವ ಏನ?"

"ಹೂಂ. ನಿನಗ ಯಾರ ಹೇಳಿದ್ರು?"

"ನೀ ಯಾವಾಗ ಬಂದಿ ಇಲ್ಲಿಗೆ?"

"ಮಳೆಗಾಲದ ಮುಂಚೇನ ಬಂದೆ. ಮಗಗ ಗಿರಣಿ ಬಿದಿರ ಅಂಗಳದಾಗ ಕೆಲಸ ಸಿಕ್ತು. ಸೊಸಿ ಮೊನ್ನೆ ಮೊನ್ನೆ ಹಡದಾಳ, ಅದಕ್ಕ ನೀರಿಗೆ ನಾ ಬಂದೇನಿ. ನಾ ಅಲ್ಲಿ ಕುಂತು ಏನ ಮಾಡ್ಲಿ? ಹಡಿಯೋರೆಲ್ಲ ಇಲ್ಲೇ ಬಂದಾರ. ಈಗ ಆ ಊರಾಗ ಒಂದ ತೊಟ್ಟಲ ಕಟ್ಟಿಲ್ಲ."

ಆ ಹೊತ್ತು ಶಂಕ್ರವ್ವನ ಮನೆಯಲ್ಲಿ ರೊಟ್ಟಿ ತಡವಾಯಿತು. ವಿಷಯ ತಿಳಿದ ಉಳವಪ್ಪ ತಾಟಿನ ಮುಂದಿಂದ ಎದ್ದೇಬಿಟ್ಟ.

"ಈಗ ಹೊಂಟೆ ನಾ. ಕರಕೊಂಡ ಬರ್ತೇನಿ."

"ಕುಂಡ್ರು," ಎಂದ ಚನಬಸಪ್ಪ. "ಬಾಣಂತನಕ್ಕ ಅಂತ ಬಿಟ್ಟ ಬಂದು, ತುಂಬಿದ ಬಸರಿನ್ನ ಅವರ ಕೈಯಾಗಿಂದ ಕಸಗೊಂಡ ಬರ್ತೀಯೇನ? ಬೀಗತಿ ಮಾರಿ ಹೆಂಗ ನೋಡೂದು?"

"ಮಾರಿ ಗೀರಿ ಆಮ್ಯಾಲ ನೋಡೂಣು, ಯಪ್ಪಾ."

"ಒದರಬ್ಯಾಡ್ರಿ ಇಬ್ರೂ," ಎಂದಳು ಶಂಕ್ರವ್ವ. ತಿಕ್ಕಾಟದ ನಡುವೆ ದಾರಿ ಹುಡುಕುವುದು ಅವಳಿಗೆ ಅಭ್ಯಾಸ. "ಅಕಿನ್ನ ತರೂದ ಬ್ಯಾಡ. ಮಾಲವ್ವನ್ನ ಅಲ್ಲಿ ಒಯ್ದ ಬಿಡೂಣು. ಹಡದು ನೀರ ಹಾಕಿಸ್ಕೊಳ್ಳೂತನ ಅಲ್ಲೇ ಇರ್ಲಿ. ನಾ ಕೇಳೇನಿ, ಬರ್ತೇನಿ ಅಂದಾಳ."

"ಹಂಗಾದ್ರ ನಾಳೆ ಹೋಗೂಣು."

ಶಂಕ್ರವ್ವ ತಡೆದಳು. ನಾಡಿದ್ದು ಅಮಾವಾಸ್ಯೆ. ಉಣ್ಣಲು ಬರುವ ನಾಲ್ವರಿಗೂ ಅವಳು ಮಾತು ಕೊಟ್ಟಿದ್ದಳು: ಊರಲ್ಲಿ ಮಾಡುವಂತೆ ಸಜ್ಜೆ ಕಡುಬು, ಎಳ್ಳ ಹೋಳಿಗೆ, ಪುಂಡಿಪಲ್ಯ ಎಲ್ಲ ಮಾಡುತ್ತೇನೆ, ಹೊಲವಿಲ್ಲದಿದ್ದರೇನು, ಹೊಳೆದಂಡೆಗೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲೋಣ ಎಂದು. ಲಗಮಪ್ಪ ಒಂದು ವಾರದಿಂದ ಅದೇ ಮಾತಾಡುತ್ತಿದ್ದ.

"ಅಮಾಸಿ ಎದುರಿಟ್ಕೊಂಡು ಹೊಂಡಬಾರದು," ಎಂದಳು. "ಹಬ್ಬ ಮುಗಿಸಿ ಮರುದಿನ ನಸುಕಿನ ಬಸ್ಸಿಗೆ ಹೋಗೂಣು. ಮಾಲವ್ವನ ಲೆಕ್ಕದಾಗೂ ಇನ್ನೂ ತಿಂಗಳ ಮ್ಯಾಲ ಐತಿ."

ಉಳವಪ್ಪ ತಾಯಿಯ ಮುಖ ನೋಡಿದ. ಮತ್ತೆ ಕೂತು ಉಂಡ.

ಹಬ್ಬ ಚೆನ್ನಾಗಿಯೇ ಆಯಿತು. ಗಂಡಸರು ಬುಟ್ಟಿ ಹೊತ್ತುಕೊಂಡು ಶಂಕ್ರವ್ವನ ಜೊತೆ ಕಾಳಿ ಹೊಳೆಯ ದಂಡೆಗೆ ಹೋದರು. ಗಿರಣಿಯ ಹೊಗೆ ಮೇಲೆ ಹೋಗುತ್ತಿತ್ತು, ಹೊಳೆಯಲ್ಲಿ ಬಿದಿರ ತುಂಡುಗಳು ತೇಲುತ್ತಿದ್ದವು. ತಮ್ಮದಲ್ಲದ ನೆಲದ ಮೇಲೆ ನಾಲ್ಕೂ ದಿಕ್ಕಿಗೆ ಅನ್ನ ಚೆಲ್ಲಿ, ಊರಲ್ಲಿ ಕೂಗುವಂತೆ ಗಟ್ಟಿಯಾಗಿ ಕೂಗಿದರು. ಕೂಗಿದ ಮೇಲೆ ಲಗಮಪ್ಪ ಹೊಳೆಯ ಕಡೆ ಮುಖ ಮಾಡಿ ಕೂತ. ಅವನ ತಾಟಿಗೆ ಶಂಕ್ರವ್ವ ಇನ್ನೊಂದು ಹೋಳಿಗೆ ಹಾಕಿದಳು. "ತಿನ್ನೊ. ಮುಂದಿನ ವರ್ಷ ನಿನ್ನ ಹೊಲದಾಗ ಚೆಲ್ಲೀಯಂತ."

ಮರುದಿನ ಹೇಳಿದಂತೆ ನಸುಕಿನ ಬಸ್ಸಿಗೆ ಹೊರಟರು. ಕಿಟಕಿಯ ಪಕ್ಕ ಉಳವಪ್ಪ, ನಡುವೆ ಶಂಕ್ರವ್ವ, ಈಚೆಗೆ ಮಾಲವ್ವ. ಮುದುಕಿಗೆ ಬಸ್ಸೆಂದರೆ ಹುರುಪು. ಎತ್ತಿದ ಕೂಸುಗಳ ಕಥೆ ಹೇಳಿದ್ದೇ ಹೇಳಿದ್ದು.

"ಕೂಸ ಬರೂದು ದೊಡ್ಡ ಮಾತಲ್ಲವ್ವಾ. ಅದು ಬಂದ ಮ್ಯಾಲ ಐತಿ ಕೆಲಸ. ರಗತ ನಿಲ್ಲಲಿಲ್ಲಂದ್ರ ಮಂದಿ ಕೈಕಾಲ ಬಿಡತಾರ. ಹೊಟ್ಟಿ ಗಟ್ಟಿ ಹಿಡದು ನೀವಬೇಕು, ಕಲ್ಲಾಗೂತನ ನೀವಬೇಕು. ಕೂಸಿನ್ನ ಎದಿಗೆ ಹಚ್ಚಬೇಕು. ಒದರಿದ್ರೂ ಬಿಡಬಾರದು. ನನ್ನ ಕೈಯಾಗ ಹೋದ ತಾಯಂದಿರಿಲ್ಲ ಅನ್ನೂದಿಲ್ಲ. ಆದ್ರ ರಗತಕ್ಕ ನಾ ಒಬ್ಬಾಕಿನ್ನೂ ಕೊಟ್ಟಿಲ್ಲ."

"ನೀ ಇದ್ದಿಯಲ್ಲ, ಸಾಕ," ಎಂದಳು ಶಂಕ್ರವ್ವ.

ಬಸ್ಸು ನಿಂತು ಅವರು ಇಳಿದಾಗ ರಸ್ತೆಯ ಬದಿಯಲ್ಲಿ ಒಬ್ಬ ಮುದುಕ ಕೂತಿದ್ದ. ಈರಕ್ಕನ ಎದುರುಮನೆಯ ಮುದಕಪ್ಪ. ಎದ್ದು ನಿಂತ. ಮಾಲವ್ವನನ್ನು ನೋಡಿದ, ಶಂಕ್ರವ್ವನನ್ನು ನೋಡಿದ, ಉಳವಪ್ಪನನ್ನು ನೋಡಲಿಲ್ಲ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾ ನಿಮ್ಮ ಕಡೇನ ಹೊಂಟಿದ್ದೆ," ಎಂದ. "ಬಸ್ಸಿನ ದಾರಿ ಕಾಯಾಕ ಹತ್ತಿದ್ದೆ."

ಊರ ಕಡೆ ನಡೆಯುತ್ತ ಮುದುಕನೇ ದಾರಿಯುದ್ದಕ್ಕೂ ತುಂಡುತುಂಡಾಗಿ ಹೇಳಿದ. ಆಳು ಸಿಗದೆ ಈ ವರ್ಷ ಈರಕ್ಕನ ಭತ್ತದ ಕಟಾವು ಹಿಂದೆ ಬಿದ್ದಿತ್ತು. ಕಾಳು ಉದುರತೊಡಗಿತ್ತು. ತಾಯಿ ಒಬ್ಬಳೇ ಕೊಯ್ಯುವುದನ್ನು ನೋಡಲಾರದೆ ಮಗಳು ಗದ್ದೆಗೆ ಬರತೊಡಗಿದಳು. ಬೇಡವೆಂದರೆ, "ಸುಮ್ನ ಕುಂತ್ರ ಕಾಲಿಗೆ ಬಾವು ಬರತೈತಿ," ಎನ್ನುತ್ತಿದ್ದಳು. ಅಮಾವಾಸ್ಯೆಯ ದಿನ ಹೊರೆ ಹೊರುವಾಗ ನೋವು ಎದ್ದಿತು. ಸಂಜೆಗೆ ಹೆಣ್ಣು ಕೂಸು ಹುಟ್ಟಿತು. ರಕ್ತ ನಿಲ್ಲಲಿಲ್ಲ. ಈರಕ್ಕ ಓಣಿಯ ಬಾಗಿಲುಗಳನ್ನೆಲ್ಲ ಬಡಿದು ಬಂದಳು, ಕೀಲಿ ಹಾಕಿದ ಬಾಗಿಲುಗಳನ್ನೂ ಬಡಿದಳು.

"ಗಾಡಿ ನನ್ನ ಅಂಗಳದಾಗ ನಿಂತೈತಿ," ಎಂದ ಮುದಕಪ್ಪ. "ಹೂಡಾಕ ಎತ್ತಿಲ್ಲ. ಮಕ್ಕಳು ಹೊಂಡೂವಾಗ ಮಾರಿ ಹೋದ್ರು. ಬೆಳಕ ಹರಿಯೂದ್ರಾಗ ಮುಗೀತು."

ಉಳವಪ್ಪ ಓಡಿದ. ಶಂಕ್ರವ್ವನಿಗೆ ಓಡಲಾಗಲಿಲ್ಲ.

ಮಣ್ಣು ಮಾಡುವುದಕ್ಕೂ ಮಂದಿ ಇರಲಿಲ್ಲ. ಊರಲ್ಲಿ ಉಳಿದಿದ್ದ ಗಂಡಸರೆಂದರೆ ಮುದಕಪ್ಪ ಮತ್ತು ದಮ್ಮಿನ ರೋಗದ ಇನ್ನೊಬ್ಬ ಮುದುಕ. ಗದ್ದೆಯ ಅಂಚಿನಲ್ಲಿ ಕುಣಿ ತೋಡಿದವನು ಉಳವಪ್ಪನೇ. ಹೆಂಡತಿಯ ಕುಣಿಯನ್ನು ಗಂಡ ತೋಡಿದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಅಗೆದ ಮಣ್ಣಿನ ಮೇಲೆ ಅವನು ನಡುನಡುವೆ ಕೂರುತ್ತಿದ್ದ, ಮತ್ತೆ ಏಳುತ್ತಿದ್ದ. ಹೊರುವಾಗ ಮುಂದಕ್ಕೆ ಉಳವಪ್ಪನೂ ಮುದಕಪ್ಪನೂ ಹೆಗಲು ಕೊಟ್ಟರು. ಹಿಂದೆ ಹಿಡಿಯುವವರಿರಲಿಲ್ಲ. ಈರಕ್ಕ ಸೆರಗು ಬಿಗಿದು ಹಿಂದಿನ ಒಂದು ಬದಿ ಹಿಡಿದಳು. ಹೆಂಗಸರು ಹೊರುವ ಪದ್ಧತಿಯಿಲ್ಲ. ಶಂಕ್ರವ್ವ ಇನ್ನೊಂದು ಬದಿಗೆ ಹೋದಳು.

ಸಂಜೆ ಅಂಗಳದಲ್ಲಿ ಮಾಲವ್ವ ಅರಳೆಯ ಬತ್ತಿ ಅದ್ದಿ ಕೂಸಿಗೆ ಹಾಲು ಹೀರಿಸುತ್ತಿದ್ದಳು. ಈರಕ್ಕ ಎದುರು ಕೂತು ನೋಡುತ್ತಿದ್ದಳು.

"ಮಾಲವ್ವಾ, ನೀ ಇದ್ದಿದ್ರ ಉಳೀತಿದ್ಳೇನ?"

ಮುದುಕಿ ಒಮ್ಮೆ ಶಂಕ್ರವ್ವನ ಕಡೆ ನೋಡಿದಳು. "ಇಲ್ಲವಾ," ಎಂದಳು. "ಹೊರಿ ಹೊತ್ತ ಆದದ್ದು. ನಾ ಇದ್ರೂ ಆಗತಿದ್ದಿಲ್ಲ. ಅಕಿ ಋಣ ಅಷ್ಟ."

ಬಸ್ಸಿನಲ್ಲಿ ಕೇಳಿದ ಮಾತು ಶಂಕ್ರವ್ವನ ಕಿವಿಯಲ್ಲಿ ಇನ್ನೂ ಇತ್ತು. ಅವಳು ತಲೆ ಎತ್ತಲಿಲ್ಲ.

ಮೂರನೆಯ ದಿನ ಹೊರಡುವ ಮಾತು ಬಂತು. ಮಾಲವ್ವನ ಸೊಸೆ ಹಡೆದವಳು, ಎದೆಹಾಲಿದೆ. ಕೂಸು ಬದುಕಬೇಕೆಂದರೆ ದಾಂಡೇಲಿಗೆ ಒಯ್ಯಬೇಕು. ಅದರಲ್ಲಿ ಎರಡು ಮಾತಿರಲಿಲ್ಲ. ಈರಕ್ಕ ಹಳೆಯ ಸೀರೆಯನ್ನು ಮೆತ್ತಗೆ ಮಡಿಚಿ ಕೂಸನ್ನು ಸುತ್ತಿದಳು. ಸುತ್ತುತ್ತಲೇ ಅಂದಳು:

"ಬೀಗತಿ, ಸೂಲಗಿತ್ತಿ ಇಲ್ಲ ಅಂತ ನಾ ನಿಮಗ ಹೇಳಬೇಕಿತ್ತು. ಹೇಳಿದ್ರ ಶಿವೀನ್ನ ವಾಪಸ ಕರಕೊಂಡ ಹೋಗತೀರಿ ಅಂತ ಹೇಳಲಿಲ್ಲ. ನನಗ ಮಗಳು ಬೇಕಾಗಿದ್ಳು. ಮನ್ಯಾಗ ಒಂದ ದನಿ ಬೇಕಾಗಿತ್ತು."

ಶಂಕ್ರವ್ವ ಕೂಸನ್ನೇ ನೋಡುತ್ತ ಅಂದಳು: "ನನಗ ಹಬ್ಬದ ಮುಂಚೇನ ಗೊತ್ತಾಗಿತ್ರಿ. ಹಬ್ಬ ಮಾಡಿ ಬಂದೆ."

ಈರಕ್ಕ ಸೀರೆಯ ತುದಿಯನ್ನು ಒಳಗೆ ಸಿಕ್ಕಿಸಿದಳು. ಆಮೇಲೆ ಕೂಸನ್ನು ಎತ್ತಿ ಉಳವಪ್ಪನ ಕೈಗೆ ಕೊಟ್ಟಳು. "ತಲಿ ಹಿಡಕೊಳಪಾ. ಕುತಗಿ ನಿಂತಿಲ್ಲ ಇನ್ನೂ."

"ನೀವೂ ಬರ್ರಿ ನಮ್ಮ ಜೋಡಿ," ಎಂದಳು ಶಂಕ್ರವ್ವ. "ಇಲ್ಲೇನ ಮಾಡ್ತೀರಿ?"

"ಗದ್ದಿ ಅರ್ಧಕ್ಕ ನಿಂತೈತ್ರಿ." ಈರಕ್ಕ ಮಾಡಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ತೆಗೆದುಕೊಂಡು ಅಂಗಳ ಇಳಿದಳು.

ಶಂಕ್ರವ್ವ ಮಗನ ಕಡೆ ತಿರುಗಿದಳು. "ನೀ ಮಾಲವ್ವನ ಜೋಡಿ ಕೂಸಿನ್ನ ತಗೊಂಡ ಹೋಗು. ನಾ ಇದನ್ನ ಮುಗಿಸಿ ಬರ್ತೇನಿ."

"ಯವ್ವಾ, ಅಲ್ಲಿ ಉಣ್ಣೋರು?"

"ಅನ್ನ ಬೇಯಿಸ್ಕೊಂಡ ತಿನ್ಲಿ. ಕೈ ಇಲ್ಲೇನ ಅವರಿಗೆ?"

ಅವಳು ಭತ್ತ ಕೊಯ್ದು ಆರು ವರ್ಷವಾಗಿತ್ತು. ಮೊದಲ ಸಾಲಿಗೇ ಅಂಗೈ ಉರಿಯಿತು. ಇಬ್ಬರೂ ಪಕ್ಕಪಕ್ಕದಲ್ಲಿ ಬಗ್ಗಿ ಕೊಯ್ಯುತ್ತ ಹೋದರು. ಒಣಗಿದ ತೆನೆ ಕೈ ತಾಕಿದರೆ ಸಾಕು, ಕಾಳು ನೆಲಕ್ಕೆ ಉದುರುತ್ತಿತ್ತು. ಬಿಸಿಲು ಇಳಿಯುವಾಗ ಬದುವಿನ ಬದಿಯಲ್ಲಿ ಕಟ್ಟಿಟ್ಟ ಒಂದು ಹೊರೆ ಸಿಕ್ಕಿತು. ಅಂದು ಶಿವವ್ವ ತಲೆಯಿಂದ ಇಳಿಸಿ ಅಲ್ಲೇ ಕೂತಿದ್ದಳಂತೆ. ಇಬ್ಬರೂ ಅದರ ಸುತ್ತ ಕೊಯ್ದು ಮುಂದೆ ಹೋದರು. ಆದರೆ ಕತ್ತಲಾಗುತ್ತಿತ್ತು, ಕಾಡಂಚಿನ ಗದ್ದೆ, ಬಿಟ್ಟರೆ ಹಂದಿಗಳು ಬರುತ್ತವೆ. ಕೊನೆಗೆ ಈರಕ್ಕ ತಿರುಗಿ ಬಂದು ಸಿಂಬಿ ಸುತ್ತಿ ತಲೆಗಿಟ್ಟುಕೊಂಡಳು.

"ಎತ್ತರಿ ಬೀಗತಿ."

ಶಂಕ್ರವ್ವ ಹಗ್ಗಕ್ಕೆ ಕೈ ಹಾಕಿದಳು. ಹೊರೆ ಮೊಣಕಾಲಿನವರೆಗೆ ಬಂತು, ಮೇಲೆ ಬರಲಿಲ್ಲ. ಕೆಳಗಿಟ್ಟು ಉಸಿರು ತೆಗೆದುಕೊಂಡಳು. ಮತ್ತೊಮ್ಮೆ ಕೈ ಹಾಕುವ ಮುಂಚೆ ಕೇಳಿದಳು:

"ಇದನ್ನ ಅಕಿ ಒಬ್ಬಾಕೀನ ಎತ್ತಿಕೊಂಡಿದ್ಳೇನ್ರಿ?"

"ನಾ ಗದ್ದಿ ಆ ದಂಡಿಗಿದ್ದೆ," ಎಂದಳು ಈರಕ್ಕ. "ಕೈ ಹಚ್ಚಾಕ ಮತ್ಯಾರ ಇದ್ರರಿ ಇಲ್ಲಿ?"